ಬಾಯಿಯ ಜಾಗ

ಯಾರನ್ನು ಕೇಳಿ ನೀವು ಇನ್ನೊಬ್ಬರ ಮುಖವನ್ನು ನಿಮ್ಮ ಕೆಲಸಕ್ಕೆ ಬಳಸಿಕೊಂಡಿರಿ? ಕೇಳಿರಲಿಕ್ಕಿಲ್ಲ. ಕೇಳುವ ಪ್ರಸಂಗವೇ ಬರಲಿಲ್ಲ ಎನ್ನುತ್ತೀರಿ. ಮನೆಯವರು ತಾನೇ, ಬೇಡವೆನ್ನುತ್ತಾರೆಯೇ ಎನ್ನುತ್ತೀರಿ. ಅವಳೂ ತನಗೆ ತಾನೇ ಹೇಳಿಕೊಂಡದ್ದು ಇದನ್ನೇ. ಅವಳು ಕೆಟ್ಟವಳಲ್ಲವೆಂಬುದನ್ನು ಮೊದಲೇ ತಿಳಿಸಿಬಿಡಬೇಕು. ಕೆಟ್ಟವರು ಮಾಡುವ ತಪ್ಪಿಗೆ ಕಥೆ ಬೇಕಾಗುವುದಿಲ್ಲ, ಪೊಲೀಸರು ಸಾಕು.

ಆ ಬೆಳಿಗ್ಗೆ ಕಿಟಕಿಯ ಕೋಣೆಯಲ್ಲಿ ಅವಳು ಕುಂಚ ಹಿಡಿದು ನಿಂತಿದ್ದಳು. ಎದುರಿನ ಕುರ್ಚಿಯಲ್ಲಿ ಮಾವ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ಬಸ್ ಕಂಡಕ್ಟರಾಗಿ ಜೀವಮಾನವಿಡೀ ನಿಂತೇ ಕಳೆದ ಆ ಮನುಷ್ಯ ಸೊಸೆಗೋಸ್ಕರ ಕೂರುವುದನ್ನು ಕಲಿತಿದ್ದರು. ಅದು ಸುಲಭದ ಕಲಿಕೆಯಾಗಿರಲಿಲ್ಲ. ಮೊದಮೊದಲು ಕೂತಲ್ಲೇ ಮೈ ತೂಗುತ್ತಿತ್ತು, ಹಿಡಿಯಲು ಕಂಬಿಯಿಲ್ಲದೆ ಬಲಗೈ ಗಾಳಿಯಲ್ಲಿ ತಡಕಾಡುತ್ತಿತ್ತು. ಆಮೇಲಾಮೇಲೆ ಮೈ ಶಾಂತವಾಯಿತು. ಬೆಳಕು ಎಡಗೆನ್ನೆಯ ಮೇಲೆ ಬಿದ್ದು ಮೂಗಿನ ಬದಿಯಲ್ಲಿ ನಿಧಾನವಾಗಿ ಇಳಿಯುವಷ್ಟು ಹೊತ್ತು ಅವರು ತಮ್ಮನ್ನು ತಾವೇ ಮರೆತು ಕೂರುತ್ತಿದ್ದರು. ಹಣೆ ಆಗಿತ್ತು. ಕಿವಿಗಳು ಆಗಿದ್ದವು. ಚಿಲ್ಲರೆ ಎಣಿಸಿ ಎಣಿಸಿ ತುದಿ ಚಪ್ಪಟೆಯಾದ ಬೆರಳುಗಳು ಆಗಿದ್ದವು. ಮೂಗಿಗೂ ಗದ್ದಕ್ಕೂ ನಡುವೆ ಮಾತ್ರ ಕ್ಯಾನ್ವಾಸಿನ ಬರಿಯ ಬಣ್ಣ ಹಾಗೇ ಉಳಿದಿತ್ತು. ಎಷ್ಟೋ ವಾರಗಳಿಂದ ಆ ಜಾಗ ಖಾಲಿ. ಅವಳ ಗಂಡ ಅದನ್ನು ನೋಡಿದಾಗಲೆಲ್ಲ, "ಅಪ್ಪನಿಗೆ ಬಾಯಿ ಕೊಡಬೇಡ ಕಣೇ, ಮನೆ ಈಗ ತಣ್ಣಗಿದೆ," ಎನ್ನುತ್ತಿದ್ದ. ಕುರ್ಚಿಯಿಂದಲೇ ಮಾವ, "ನಿನಗೆ ಕೊಟ್ಟಿದ್ದು ಸಾಲದಾ?" ಎನ್ನುತ್ತಿದ್ದರು.

ಬಾಯಿಯನ್ನು ಅವಳು ಮುಟ್ಟದಿದ್ದುದಕ್ಕೆ ಕಾರಣವಿತ್ತು, ಹೆದರಿಕೆಯಲ್ಲ. ಸೀಟಿ ಕಚ್ಚಿ ಕಚ್ಚಿ ಅವರ ಮೇಲಿನ ಹಲ್ಲೊಂದು ಸವೆದು ಹಳ್ಳವಾಗಿತ್ತು. ಪಕ್ಕದವು ಒಂದೊಂದಾಗಿ ಬಿದ್ದು ಉಳಿದವು ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ತುಟಿ ಅವುಗಳ ಮೇಲೆ ಹೇಗೆ ಮಲಗುತ್ತದೆ ಎಂಬುದು ದಿನಕ್ಕೊಂದು ಬಗೆ. ಅವಳು ಕಾಯುತ್ತಿದ್ದಳು. ತಾನು ಈ ಮನೆಗೆ ಬಂದ ಮೊದಲ ದಿನ, ಹೊಸ್ತಿಲಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಡೆಗೆ ಅಂಟಿಕೊಂಡಿದ್ದಾಗ, "ಮುಂದೆ ಬಾಮ್ಮ, ಒಳಗೆ ಜಾಗ ಇದೆ," ಎಂದಿದ್ದ ಬಾಯಿ ಅದು. ಜನ ನಕ್ಕಿದ್ದರು. ಅವಳು ಮಾತ್ರ ಆ ಮಾತಿನ ಅರ್ಥವನ್ನು ಅದಿರುವಷ್ಟೇ ಅಗಲದಲ್ಲಿ ಹಿಡಿದಳು: ಜಾಗ ಇದೆ. ಅಂಥ ಬಾಯಿಯನ್ನು ಅವಸರದಲ್ಲಿ ಬರೆಯಲಾದೀತೇ? ಆದರೆ ಈಗ ಅವಸರ ಬಂದಿತ್ತು. ಉಳಿದ ಹಲ್ಲುಗಳನ್ನೆಲ್ಲ ಕಿತ್ತು ಹೊಸ ಸೆಟ್ಟು ಕೂರಿಸುವುದೆಂದು ಹಲ್ಲಿನ ಡಾಕ್ಟರು ದಿನ ಗೊತ್ತುಮಾಡಿದ್ದರು. ಊಟ ಮಾಡಲು ಮಾವ ಪಡುವ ಪಾಡು ನೋಡಿದವರು ಯಾರೂ ಅದನ್ನು ಮುಂದಕ್ಕೆ ಹಾಕಿ ಎನ್ನುವಂತಿರಲಿಲ್ಲ, ಅವಳಂತೂ ಹೇಳುವವಳಲ್ಲ. ಇನ್ನೆರಡು ಬೆಳಗುಗಳಲ್ಲಿ ಆ ಬಾಯಿ ಕ್ಯಾನ್ವಾಸಿಗೆ ಬರಬೇಕು. ಬಾರದಿದ್ದರೆ ಅದು ಮುಂದೆ ಎಲ್ಲಿಯೂ ಇರುವುದಿಲ್ಲ.

ಆ ಎರಡು ಬೆಳಗುಗಳನ್ನೇ ವೆಬ್ ಡಿಸೈನ್ ತರಗತಿ ಕೇಳುತ್ತಿತ್ತು. ಅವಳು ಅದಕ್ಕೆ ಸೇರಿದ್ದರ ಹಿಂದೆ ಒಂದು ಅವಮಾನವಿದೆ. ಅವಳು ಚಿತ್ರಕಲೆ ಕಲಿಸುತ್ತಿದ್ದ ಶಾಲೆ ಒಂದು ದಿನ ಚಿತ್ರದ ಪೀರಿಯಡ್ಡನ್ನು ವೇಳಾಪಟ್ಟಿಯಿಂದ ತೆಗೆದುಹಾಕಿತು. ಮಕ್ಕಳಿಗೆ ನೋಡುವುದನ್ನು ಕಲಿಸುವ ಅಗತ್ಯವಿಲ್ಲವೆಂದು ಕಣ್ಣಿದ್ದವರೇ ಕೂತು ತೀರ್ಮಾನಿಸಿದರು. ಹೆಡ್‌ಮೇಡಂ ಮೇಜಿನ ಮೇಲಿನ ಗುಂಡುಸೂಜಿಗಳನ್ನು ಡಬ್ಬಿಗೆ ತುಂಬುತ್ತಲೇ, "ಕಂಪ್ಯೂಟರಲ್ಲಿ ಏನಾದ್ರೂ ಕಲೀರಿ ಮೇಡಂ, ಆಮೇಲೆ ನೋಡೋಣ," ಎಂದಿದ್ದರು. ಅವಳು ಅತ್ತುಕೊಂಡು ಹೊರಬರಲಿಲ್ಲ. ಕಲಿಯುತ್ತೇನೆ, ಆದರೆ ನಿಮಗೋಸ್ಕರವಲ್ಲ ಎಂದುಕೊಂಡು ಬಂದಳು. ಕಲಿಯುತ್ತ ಹೋದಂತೆ ಅದು ಹಿಡಿಸಿತು. ಪುಟವೆಂದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ. ಪ್ರತಿ ಪೆಟ್ಟಿಗೆಯ ಸುತ್ತ ಎಷ್ಟು ಬಿಡುವು ಬಿಡಬೇಕೆಂಬುದೇ ಅಲ್ಲಿಯ ವಿದ್ಯೆ. ಬಿಡುವಿನ ಲೆಕ್ಕ ಅವಳ ಕೈಗೆ ಹಳೆಯದು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ರಬ್ಬರಿನ ವಾಸನೆಯ ನಡುವೆ, ಅವಳ ವಿದ್ಯಾರ್ಥಿನಿಯಾಗಬಹುದಾಗಿದ್ದ ವಯಸ್ಸಿನ ಒಬ್ಬಳು ಕಲಿಸುತ್ತಿದ್ದಳು. ಅವಳನ್ನು ಎಲ್ಲರೂ ಮಿಸ್ ಎನ್ನುತ್ತಿದ್ದರು, ಇವಳನ್ನು ಟೀಚರಕ್ಕ. ಕೊನೆಯ ಕೆಲಸವೆಂದು ಒಬ್ಬೊಬ್ಬರಿಗೂ ಆ ರಸ್ತೆಯ ಒಂದೊಂದು ಅಂಗಡಿಯನ್ನೋ ಕಚೇರಿಯನ್ನೋ ಹಂಚಲಾಯಿತು. ಅವಳ ಪಾಲಿಗೆ ಬಂದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್, ಮಾವನ ಹಲ್ಲು ಕೀಳುವ ಅದೇ ಕ್ಲಿನಿಕ್. ಪರಿಚಯವಿರುವುದು ಒಳ್ಳೆಯದೇ ಆಯಿತೆಂದು ಅವಳು ಹಿಗ್ಗಿದಳು. ಕೆಲಸ ತಿದ್ದಿ ಮುಗಿಸಲು ಕೊನೆಯ ದಿನಗಳಲ್ಲಿ ತರಗತಿ ಬೆಳಿಗ್ಗೆಯೇ ನಡೆಯುತ್ತದೆ ಎಂದು ಮಿಸ್ ತಿಳಿಸಿದಾಗ ಮಾತ್ರ ಅವಳು ಉಳಿದ ಬೆಳಗುಗಳನ್ನು ಬೆರಳಲ್ಲಿ ಎಣಿಸಿ ನೋಡಿದಳು.

ಆದ್ದರಿಂದ ಆ ಬೆಳಿಗ್ಗೆ ಅವಳು ಕುಂಚ ಕೆಳಗಿಟ್ಟು ಫೋನ್ ಕೈಗೆ ತೆಗೆದುಕೊಂಡಳು.

"ಮಾವ, ಒಂದು ಫೋಟೋ ತೆಗೆದುಬಿಡ್ತೀನಿ. ನಾಳೆಯಿಂದ ಬೆಳಿಗ್ಗೆ ನನಗೆ ಕ್ಲಾಸು. ಫೋಟೋ ಇದ್ರೆ ಯಾವಾಗ ಬೇಕಾದ್ರೂ ನೋಡ್ಕೊಂಡು ಬರೀಬಹುದು, ನೀವು ಕಷ್ಟಪಟ್ಟು ಕೂರೋದೂ ಬೇಡ."

"ಕಷ್ಟ ಅಂತ ಯಾರಂದ್ರು?"

"ಯಾರೂ ಅನ್ಲಿಲ್ಲ. ನಾನೇ ಅಂದೆ."

"ಹಾಗಾದ್ರೆ ನನ್ನ ಡ್ಯೂಟಿ ಮುಗೀತು ಅನ್ನು." ಮಾವ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಗದ್ದವೆತ್ತಿ, ತುಟಿಗಳನ್ನು ಬಿಗಿಯಾಗಿ ಮುಚ್ಚಿದರು.

"ಹಾಗಲ್ಲ ಮಾವ, ಸ್ವಲ್ಪ ಬಾಯಿ ತೆರೀರಿ. ಹಲ್ಲು ಕಾಣ್ಲಿ."

"ಈ ಹಲ್ಲಾ? ಬೇಡಮ್ಮ."

"ನನಗೋಸ್ಕರ."

ಅವರ ಅಂಗೈ ಅರ್ಧ ಮೇಲೆದ್ದು ಮತ್ತೆ ಮೊಣಕಾಲಿಗಿಳಿಯಿತು. ಹೊರಗಿನವರ ಮುಂದೆ ಅಂಗೈ ಅಡ್ಡ ಹಿಡಿದೇ ನಗುತ್ತಿದ್ದ ಮನುಷ್ಯ. ಬಾಯಿ ತೆರೆದರು. ಸೊಸೆಗೋಸ್ಕರ ತೆರೆದರು, ಕಣ್ಣು ಮಾತ್ರ ಕಿಟಕಿಯ ಕಡೆ ಹೊರಳಿಸಿಕೊಂಡರು. ಫೋನು ಕ್ಲಿಕ್ಕೆಂದಿತು. ಕೆಲಸ ಸಲೀಸಾಯಿತೆಂದು ಅವಳಿಗೆ ಖುಷಿಯಾಯಿತು, ಆ ಖುಷಿಯ ಮೂಲೆಯಲ್ಲಿ ಏನೋ ಕಲ್ಲಿನಂತೆ ಒತ್ತುತ್ತಿತ್ತು. ಚಪ್ಪಲಿಯೊಳಗೆ ಸೇರಿದ ಹರಳನ್ನು ಮನೆ ತಲುಪಿದ ಮೇಲೆ ತೆಗೆದರಾಯಿತು ಎಂದು ನಡೆಯುವವರ ಹಾಗೆ ಅವಳು ಅದರ ಮೇಲೆಯೇ ಹೆಜ್ಜೆಯಿಟ್ಟು ನಡೆದಳು.

ಮರುದಿನ ತರಗತಿಯಲ್ಲಿ ಅವಳ ಪುಟ ಹೆಚ್ಚುಕಡಿಮೆ ಸಿದ್ಧವಿತ್ತು. ಬಿಳಿ, ತೆಳು ನೀಲಿ, ಅಕ್ಷರಗಳ ನಡುವೆ ಉಸಿರಾಡುವಷ್ಟು ಜಾಗ. ಪಕ್ಕದ ಕುರ್ಚಿಯ ಹುಡುಗಿ ಬಗ್ಗಿ ನೋಡಿ, "ಟೀಚರಕ್ಕ, ನೀವು ಮೋಸ, ನಿಮಗೆ ಮೊದಲೇ ಬರ್ತಿತ್ತು," ಎಂದಳು. ಅದು ನಿಜವೆಂದು ಅವಳಿಗೂ ಅನ್ನಿಸಿತು. ಪುಟದ ನಡುವೆ ಎರಡು ಚೌಕಗಳು ಖಾಲಿಯಿದ್ದವು. ಡಾಕ್ಟರು ಅದೊಂದನ್ನೇ ಒತ್ತಿ ಕೇಳಿದ್ದರು: ಚಿಕಿತ್ಸೆಯ ಎರಡು ಫೋಟೋ, ಒಂದರ ಕೆಳಗೆ ‘ಮೊದಲು’, ಇನ್ನೊಂದರ ಕೆಳಗೆ ‘ಆಮೇಲೆ’; ಬರುವವರು ಅದನ್ನು ನೋಡಿಯೇ ನಿರ್ಧರಿಸುತ್ತಾರಂತೆ. ಮಿಸ್ ಬೆನ್ನ ಹಿಂದೆ ಬಂದು ನಿಂತು, "ಖಾಲಿ ಬಾಕ್ಸ್ ಬಿಡಬೇಡಿ ಅಂತ ಹೇಳಿಲ್ವಾ? ಸದ್ಯಕ್ಕೆ ಏನಾದ್ರೂ ಹಾಕಿ, ಆಮೇಲೆ ಬದಲಾಯಿಸಿದ್ರಾಯ್ತು," ಎಂದಳು. ಅದು ಆ ವೃತ್ತಿಯ ರೂಢಿ. ಚೌಕ ಖಾಲಿಯಿದ್ದರೆ ಪುಟ ಕುಸಿದಂತೆ ಕಾಣುತ್ತದೆ. ಕೈಗೆ ಸಿಕ್ಕ ಮರ, ಬೆಟ್ಟ, ಬೆಕ್ಕಿನ ಮರಿ, ಯಾವುದಾದರೂ ಸರಿ. ಅವಳ ಕೈಗೆ ಸಿಕ್ಕದ್ದು ಮಾವ. ಬೆರಳು ಫೋಟೋವನ್ನು ಆರಿಸಿತು, ಮೂಗಿನ ಮೇಲೆ ಕತ್ತರಿಸಿತು, ಗದ್ದದ ಕೆಳಗೆ ಕತ್ತರಿಸಿತು, ಉಳಿದದ್ದನ್ನು ‘ಮೊದಲು’ ಎಂಬ ಮಾತಿನ ಮೇಲೆ ಕೂರಿಸಿತು; ‘ಆಮೇಲೆ’ಗೆ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಯಾವುದೋ ಬಿಳಿ ನಗೆ ಸಾಕಾಯಿತು. ಕ್ಯಾನ್ವಾಸಿನ ಮೇಲೆ ಎಷ್ಟೋ ವಾರಗಳಿಂದ ತುಂಬಲು ಧೈರ್ಯ ಬಾರದ ಜಾಗ ಇಲ್ಲಿ ಕಣ್ಣು ಮಿಟುಕಿಸುವುದರೊಳಗೆ ತುಂಬಿಹೋಯಿತು. ಸದ್ಯಕ್ಕೆ, ಎಂದಳು ಮನಸ್ಸಿನಲ್ಲಿ. ಸದ್ಯಕ್ಕೆ ಎಂಬ ಮಾತಿನ ನೆರಳಿನಲ್ಲಿ ಎಷ್ಟು ಪಾಪಗಳು ತಣ್ಣಗೆ ಮಲಗಿರುತ್ತವೆಯೋ!

ಆಮೇಲೆ ಪ್ರತಿಯೊಬ್ಬರ ಪುಟವನ್ನೂ ಪ್ರಾಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟು ತೋರಿಸಿದರು. ಅವಳ ಸರದಿ ಬಂದಾಗ ಮಾವನ ಬಾಯಿ ಗೋಡೆಯಷ್ಟು ಅಗಲವಾಗಿ ತೆರೆದುಕೊಂಡಿತು.

"ಅಯ್ಯಪ್ಪ, ಇದೇನು ಗುಹೆನಾ?" ಎಂದಿತು ಹಿಂದಿನ ಸಾಲು.

"ಯಾರ್ದಕ್ಕ ಇದು? ಬಿದ್ದುಹೋಗಿರೋ ಕಾಂಪೌಂಡ್ ಥರ ಇದೆ."

"ಯಾರೋ," ಎಂದಳು ಅವಳು.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಈ ವಾಕ್ಯವನ್ನು ಓದಿ ಮುಂದೆ ಹೋಗಿಬಿಡಬೇಡಿ. ನಕ್ಕಳು ಎಂಬುದಷ್ಟೇ ಅಲ್ಲ, ತನ್ನ ನಗೆ ಉಳಿದವರಿಗಿಂತ ಅರೆಗಳಿಗೆ ಹೆಚ್ಚು ಹೊತ್ತು ಉಳಿದದ್ದು ಅವಳ ಕಿವಿಗೇ ಕೇಳಿಸಿತು. ಮಿಸ್ ಮಾತ್ರ ನಗಲಿಲ್ಲ. ಕೈಕಟ್ಟಿ ನೋಡಿ, "ತುಂಬ ಪವರ್‌ಫುಲ್ ಆಗಿದೆ. ಇದೇ ಇರಲಿ, ಬದಲಾಯಿಸಬೇಡಿ. ಡಾಕ್ಟರಿಗೂ ಲಿಂಕ್ ಕಳಿಸಿದೀನಿ, ತುಂಬ ಇಷ್ಟ ಆಯ್ತಂತೆ," ಎಂದಳು. ಮನೆಯ ಹೊರಗಿನವರಿಂದ ಮೆಚ್ಚುಗೆ ಕೇಳಿ ಅವಳಿಗೆ ಎಷ್ಟು ಕಾಲವಾಗಿತ್ತು. ಮೆಟ್ಟಿಲಿಳಿಯುವಾಗಲೂ ಅದರ ರುಚಿ ನಾಲಿಗೆಯ ಮೇಲಿತ್ತು ಎಂಬುದು ಅವಳಿಗೆ ಅತ್ಯಂತ ಹೇಸಿಗೆಯೆನಿಸಿತು. ಟೈರ್ ಅಂಗಡಿಯವನು ಚಕ್ರಕ್ಕೆ ಗಾಳಿ ತುಂಬುತ್ತಿದ್ದ. ಬಸ್ಸೊಂದು ನಿಂತು ಜನರನ್ನು ಇಳಿಸಿ ಹೋಯಿತು. ಕಂಡಕ್ಟರನ ಮುಖ ನೋಡಲಾರದೆ ಅವಳು ತಲೆ ತಗ್ಗಿಸಿದಳು, ಆ ಯುವಕನಿಗೂ ತನ್ನ ತಪ್ಪಿಗೂ ಏನು ಸಂಬಂಧವೋ.

ಮನೆಗೆ ಬಂದಾಗ ಕಿಟಕಿಯ ಬೆಳಕು ಗೋಡೆ ದಾಟಿ ಹೋಗಿತ್ತು. ಮಾವ ಕುರ್ಚಿಯಲ್ಲೇ ಇದ್ದರು, ಮೊಣಕಾಲ ಮೇಲೆ ಕೈ.

"ಬೆಳಿಗ್ಗೆಯಿಂದ ಅಲ್ಲೇ ಇದಾರೆ," ಎಂದ ಗಂಡ, ಇಸ್ತ್ರಿ ಮಾಡುತ್ತಿದ್ದ ಅಂಗಿಯಿಂದ ತಲೆಯೆತ್ತದೆ. "ಫೋಟೋ ತೆಗೆದಾಯ್ತಲ್ಲ ಅಪ್ಪ, ಏಳಿ ಅಂದೆ. ಕೇಳಿದ್ರೆ ತಾನೆ."

"ಅಭ್ಯಾಸ," ಎಂದರು ಮಾವ. "ಕಾಲು ತಾನೇ ಕರ್ಕೊಂಡು ಬಂತು."

ಮಧ್ಯಾಹ್ನವಿಡೀ ಫೋನನ್ನು ಚೌಕಟ್ಟಿಗೆ ಒರಗಿಸಿಟ್ಟು, ಪರದೆ ನೋಡಿ ನೋಡಿ ಬಾಯಿ ಬರೆದಳು. ಕೈ ಎಲ್ಲಿಯೂ ತಡವರಿಸಲಿಲ್ಲ. ತುಟಿಯ ಅಂಚು, ಹಲ್ಲಿನ ಹಳ್ಳ, ಅದರ ಹಿಂದಿನ ಕತ್ತಲೆ, ಎಲ್ಲವೂ ಇದ್ದ ಹಾಗೇ ಬಂದವು. ಹಿಂದೆ ಸರಿದು ನೋಡಿದಳು. ಏನೋ ಆಗಿತ್ತು. ಕೊರತೆಯಲ್ಲ, ಒಬ್ಬ ಅಪರಿಚಿತನ ಆಗಮನ. ತೂಕಡಿಸುತ್ತಿದ್ದ ಮಾವ ಎದ್ದು ಬಂದು, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿದರು.

"ಇದ್ಯಾರಮ್ಮ, ಬಸ್ ಪಾಸಿನವನು?"

"ಯಾಕೆ ಮಾವ?"

"ಪಾಸಿನ ಫೋಟೋದಲ್ಲಿ ಎಲ್ಲಾ ಹೀಗೇ ಇರ್ತಾರೆ. ಯಾರೋ ಹಿಡ್ಕೊಂಡು ಬಂದು ನಿಲ್ಸಿದ ಹಾಗೆ. ಮೂಗು ನಂದು. ಇದು ನಂದಲ್ಲ." ಆಮೇಲೆ ಅವಳಿಗೆ ನೋವಾದೀತೆಂದೋ ಏನೋ, "ಹಲ್ಲೇನೋ ಚೆನ್ನಾಗಿ ಬಂದಿದೆ. ಡಾಕ್ಟ್ರು ಕಿತ್ತಿದ್ದನ್ನ ಇದರಲ್ಲೇ ಎಣಿಸ್ಕೋಬಹುದು," ಎಂದು ಒಳಗೆ ಹೋದರು.

ಆಗ ಅವಳಿಗೆ ತಿಳಿಯಿತು. ತಿಳಿದದ್ದು ದೊಡ್ಡ ಸತ್ಯವೇನಲ್ಲ. ಅವಳು ಮಕ್ಕಳಿಗೆ ಮೊದಲ ಪಾಠದಲ್ಲೇ ಹೇಳಿಕೊಡುತ್ತಿದ್ದುದು: ನೀವು ನೋಡುತ್ತಿರುವ ವಸ್ತುವೂ ನಿಮ್ಮನ್ನು ನೋಡುತ್ತಿರುತ್ತದೆ, ಮರ್ಯಾದೆಯಿಂದಿರಿ. ಫೋಟೋದೊಳಗಿನ ಬಾಯಿ ನಾಚಿಕೊಂಡಿತ್ತು. ನಾಚಿಕೆಯನ್ನೇ ಅವಳು ಕತ್ತರಿಸಿ ಗೋಡೆಗೆ ಹಾಕಿದ್ದಳು, ನಾಚಿಕೆಯನ್ನೇ ಈಗ ಬಣ್ಣದಲ್ಲಿ ಬರೆದಿದ್ದಳು. ಕಂಪ್ಯೂಟರ್ ಕೆಟ್ಟದ್ದು, ಕುಂಚ ಒಳ್ಳೆಯದು ಎಂದು ಹೇಳಿ ಪಾರಾಗುವ ಹಾದಿ ಅವಳ ಮುಂದೆ ಒಂದು ಕ್ಷಣ ಸುಳಿಯಿತು. ಅವಳು ಅದನ್ನು ಹಿಡಿಯಲಿಲ್ಲ. ಎರಡೂ ಕಡೆ ಕೈ ಒಂದೇ, ಅದು ತನ್ನದೇ. ಬಣ್ಣ ಇನ್ನೂ ಒದ್ದೆಯಿತ್ತು. ಬಣ್ಣ ಕಲೆಸುವ ಚಪ್ಪಟೆ ಚೂರಿಯಿಂದ ಬಾಯಿಯನ್ನು ಪೂರ್ತಿಯಾಗಿ ಕೆರೆದು, ಬಟ್ಟೆಯಿಂದ ಒರೆಸಿದಳು. ಬಳಿಕ ಕಂಪ್ಯೂಟರ್ ತೆರೆದು, ಪುಟದಿಂದ ಎರಡು ಚೌಕಗಳನ್ನೂ ತೆಗೆದಳು. ಅಳುತ್ತಾ ಅಲ್ಲ, ಲೆಕ್ಕ ಹಾಕಿ, ಸುತ್ತಲಿನ ಬಿಡುವನ್ನು ಮತ್ತೆ ಹೊಂದಿಸಿ, ಫೋನಿನಲ್ಲಿ ನೋಡಿದರೆ ಹೇಗೆ ಕಾಣುತ್ತದೆಂದು ಪರೀಕ್ಷಿಸಿ ತೆಗೆದಳು. ಮೊದಲು, ಆಮೇಲೆ ಎಂದಿದ್ದಲ್ಲಿ, ಬಂದವರನ್ನು ಡಾಕ್ಟರು ಎಲ್ಲಿ ಕೂರಿಸುತ್ತಾರೆ, ಯಾವಾಗ ನೋವಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬುದನ್ನು ಸರಳ ಮಾತಿನಲ್ಲಿ ಬರೆದಳು. ಪುಟ ಕುಸಿಯಲಿಲ್ಲ. ಮೊದಲಿಗಿಂತ ನೆಟ್ಟಗೆ ನಿಂತಿತು; ಅದು ಅವಳಿಗೆ ಹೆಮ್ಮೆಯೆನಿಸಿತು, ಆ ಹೆಮ್ಮೆಗೆ ಅವಳು ನಾಚಲಿಲ್ಲ. ಫೋನಿನಲ್ಲಿದ್ದ ಫೋಟೋವನ್ನೂ ಅಳಿಸಿದಳು.

ಮಿಸ್‌ಗೆ ಫೋನ್ ಮಾಡಿದಳು.

"ನಾಳೆ ಬೆಳಿಗ್ಗೆ ನಾನು ಬರಲ್ಲ ಮಿಸ್. ಮಧ್ಯಾಹ್ನ ತಂದು ತೋರಿಸ್ತೀನಿ."

"ಬೆಳಿಗ್ಗೆನೇ ಕೊನೆ ಅಂತ ಹೇಳಿದ್ನಲ್ಲ ಅಕ್ಕ. ಮಾರ್ಕ್ಸ್ ಕಟ್ ಆಗುತ್ತೆ."

"ಆಗಲಿ."

"ಏನಾದ್ರೂ ತೊಂದರೆನಾ?"

"ಇಲ್ಲ. ಬೆಳಿಗ್ಗೆ ನನಗೆ ಬೇರೆ ಕೆಲಸ ಇದೆ, ಅದು ಮಧ್ಯಾಹ್ನ ಆಗಲ್ಲ. ಇನ್ನೊಂದು ವಿಷಯ. ಆ ಬಾಯಿ ಫೋಟೋ ತೆಗೆದಿದೀನಿ."

"ಅಯ್ಯೋ, ಅದೇ ಚೆನ್ನಾಗಿದ್ದಿದ್ದು! ಡಾಕ್ಟರು ಒಪ್ಪಲ್ಲ."

"ಅದು ನಮ್ಮ ಮಾವನ ಬಾಯಿ. ನಾನು ಅವರನ್ನ ಕೇಳಿರ್ಲಿಲ್ಲ. ಡಾಕ್ಟರಿಗೆ ನಾನೇ ಹೇಳ್ತೀನಿ; ಬೇಡ ಅಂದ್ರೆ ಪುಟ ಬೇರೆಯವರ ಹತ್ರ ಮಾಡಿಸ್ಕೊಳ್ಳಲಿ, ನಾನು ಇನ್ನೊಂದು ಅಂಗಡಿ ಹುಡುಕ್ಕೋತೀನಿ."

ಹಿಂದಿನ ಬೆಂಚಿಗೂ ಕೇಳಿಸುವ ತನ್ನ ಹಳೆಯ ತರಗತಿಯ ಧ್ವನಿ ಬಾಯಿಗೆ ಮರಳಿ ಬಂದಿದೆಯೆಂದು ಅವಳಿಗೆ ಗೊತ್ತಾಯಿತು. "ನೀವು ಆಗಲೇ ಹೇಳಬಾರ್ದಿತ್ತಾ, ಅಕ್ಕ," ಎಂದಳು ಮಿಸ್, ಸಣ್ಣಗೆ. "ಎಲ್ಲರೂ ನಕ್ರು." "ನಾನೂ ನಕ್ಕೆ," ಎಂದು ಅವಳು ಫೋನಿಟ್ಟಳು.

ಬೆಳಗಾಯಿತು. ಹಲ್ಲು ಕೀಳುವುದಕ್ಕೆ ಮೊದಲಿನ ಕೊನೆಯ ಬೆಳಗು. ಅವಳು ಕೋಣೆಗೆ ಬರುವ ಮೊದಲೇ ಮಾವ ಕುರ್ಚಿಯಲ್ಲಿದ್ದರು. ಬೆಳಕು ಎಡಗೆನ್ನೆಗೆ ಇನ್ನೂ ಬಂದಿರಲಿಲ್ಲ. ಬಣ್ಣ ಹಿಂಡುತ್ತಾ, ನೋಟ ತಟ್ಟೆಯ ಮೇಲೆಯೇ ಇಟ್ಟು, ಅವಳು ಹೇಳಲು ತೊಡಗಿದಳು; ಆಮೇಲೆ, ಹೀಗೆ ಹೇಳುವುದೂ ಒಂದು ಕಳ್ಳತನವೇ ಎನಿಸಿ, ಮುಖವೆತ್ತಿ ಅವರನ್ನೇ ನೋಡುತ್ತಾ ಹೇಳಿದಳು. ಫೋಟೋವನ್ನು ಎಲ್ಲಿ ಹಾಕಿದ್ದು, ಎಷ್ಟು ದೊಡ್ಡದಾಗಿ ಬಿದ್ದದ್ದು, ಜನ ಏನೆಂದದ್ದು, ಯಾರೋ ಎಂದು ತಾನು ಹೇಳಿದ್ದು. ತಾನು ನಕ್ಕದ್ದು. ತೆಗೆದುಹಾಕಿದ್ದನ್ನು ಕೊನೆಗೆ, ಅದೊಂದು ಸಾಧನೆಯೆಂಬಂತೆ ಕಾಣದ ಹಾಗೆ, ಚಿಕ್ಕದಾಗಿ.

ಮಾವ ಅಲುಗಾಡಲಿಲ್ಲ. "ಗುಹೆ ಅಂದ್ರಾ?"

"ಅಂದ್ರು."

"ಕಾಂಪೌಂಡ್ ಅಂದಿದ್ದು ಸರಿಯಾಗಿದೆ. ಅವನಿಗೆ ಕಣ್ಣಿದೆ." ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. "ನಗ್ಲಿ ಬಿಡು. ಬಸ್ಸಲ್ಲಿ ಎಷ್ಟು ಜನ ನಕ್ಕಿದಾರೆ, ಬೈದಿದಾರೆ. ಆದ್ರೆ ನೀನು ನನ್ನನ್ನ ಒಂದು ಮಾತು ಕೇಳಬೇಕಿತ್ತಮ್ಮ."

"ಹೌದು ಮಾವ."

"ಕೇಳಿದ್ರೆ ಕೊಡ್ತಿದ್ನೋ ಇಲ್ವೋ ಗೊತ್ತಿಲ್ಲ. ಆದ್ರೂ ಕೇಳಬೇಕಿತ್ತು."

"ಹೌದು. ಈಗ ಕೇಳ್ತಾ ಇದೀನಿ. ಬರೀಲಾ? ಬೇಡ ಅಂದ್ರೆ ಆ ಜಾಗ ಹಾಗೇ ಇರಲಿ. ಚಿತ್ರ ಹಾಗೇ ಮುಗೀತು ಅಂತ ತಿಳ್ಕೋತೀನಿ."

ಅವರು ಉತ್ತರ ಯೋಚಿಸುತ್ತಿದ್ದರು. ಬೇಡವೆನ್ನುವ ಅಧಿಕಾರ ಕೈಗೆ ಬಂದ ಮನುಷ್ಯನ ತುಟಿ ಹೇಗಿರುತ್ತದೆಂಬುದನ್ನು ಅವಳು ಅಂದು ಮೊದಲ ಸಲ ಕಂಡಳು. ಮೇಲಿನ ತುಟಿ ಒಂದಿಷ್ಟು ಮುಂದೆ ಬಂದು ಕೆಳಗಿನದರ ಮೇಲೆ ಭಾರವಿಲ್ಲದೆ ಕೂತಿತ್ತು. ಬಲ ಅಂಚಿನಲ್ಲಿ ಸಿಟ್ಟು, ಎಡ ಅಂಚಿನಲ್ಲಿ ಸಿಟ್ಟನ್ನು ಕ್ಷಮಿಸುವ ಆತುರ, ನಡುವೆ ಎರಡಕ್ಕೂ ಸೇರದ ಒಂದು ಗಂಭೀರವಾದ ಬಿಡುವು. ಹಲ್ಲು ಅಲ್ಲಿ ಕಾಣಲೇ ಇಲ್ಲ, ಇರುವುದು ಮಾತ್ರ ಗೊತ್ತಾಗುತ್ತಿತ್ತು. ಅವಳ ಕೈ ಕುಂಚಕ್ಕೆ ಹಾರಲಿಲ್ಲ. ಈ ಬಾಯಿ ಹೋಗಿಬಿಟ್ಟರೆ ಮತ್ತೆ ಬಾರದೆಂದು ತಿಳಿದೂ ಅವಳು ನಿಂತೇ ಇದ್ದಳು, ಅಪ್ಪಣೆಗಾಗಿ ಕಾದು, ಬೆಳಕು ಮೂಗಿನ ಬದಿಯಲ್ಲಿ ಇಳಿಯುತ್ತಿದ್ದರೂ.

"ಬರಿ," ಎಂದರು ಮಾವ.

ಅಷ್ಟು ಹೇಳಿ ತುಟಿ ಮತ್ತೆ ಅದೇ ಜಾಗಕ್ಕೆ ಹೋಗಿ ಕೂತಿತು. ಅವಳು ಬರೆದಳು. ಇಲ್ಲಿ ಒಂದು ಗೀರು, ಅಲ್ಲಿ ಒಂದು ನೆರಳು; ಕೈ ಧೈರ್ಯದಿಂದ ಹೋಯಿತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಬೆಳಕು ಗೋಡೆಗೆ ಸರಿಯುವ ಹೊತ್ತಿಗೆ ಮೂಗಿಗೂ ಗದ್ದಕ್ಕೂ ನಡುವೆ ಒಬ್ಬ ಮನುಷ್ಯ ಸುಮ್ಮನೆ, ಪೂರ್ತಿಯಾಗಿ, ಇದ್ದ. ಅವಳು ಕೈ ತೊಳೆದು, ಕಂಪ್ಯೂಟರನ್ನು ಚೀಲಕ್ಕೆ ಹಾಕಿಕೊಂಡು, ಮಾರ್ಕ್ಸ್ ಕಟ್ಟಾಗುವ ತರಗತಿಗೆ ತಲೆಯೆತ್ತಿ ಹೊರಟಳು.

ಈಗ ನಿಮ್ಮ ಮಾತು. ನಿಮ್ಮ ಫೋನಿನಲ್ಲೂ ಒಂದು ಮುಖವಿದೆ: ನಿದ್ದೆ ಮಾಡುತ್ತಿದ್ದ ಅಮ್ಮನದೋ, ಅಳುತ್ತಿದ್ದ ಮಗುವಿನದೋ, ಬಾಯಿಗೆ ಕೈ ಅಡ್ಡ ಹಿಡಿಯುವ ಮೊದಲೇ ಸಿಕ್ಕಿಬಿದ್ದ ಯಾರದೋ. ಅದನ್ನು ನೀವು ಹಂಚಿದ್ದೀರಿ, ಮೇಲೊಂದು ತಮಾಷೆ ಬರೆದಿದ್ದೀರಿ, ನಕ್ಕಿದ್ದೀರಿ. ಆ ಮುಖದವರು ಪಕ್ಕದ ಕೋಣೆಯಲ್ಲೇ ಇರಬಹುದು. ಈ ಪುಟವನ್ನು ಇಲ್ಲಿಗೆ ಮುಚ್ಚಿ, ಎದ್ದು ಹೋಗಿ, ಫೋಟೋವನ್ನು ಅವರ ಮುಂದೆ ಹಿಡಿದು, ಕೇಳಿ. ಕೇಳಿದ ಮೇಲೆ ಉತ್ತರ ಬರುವ ತನಕ ಅಲ್ಲೇ ನಿಂತಿರಿ.